ಆಚೆದಡದ ಹಗಲು

ಬೆಳಗಿನ ಸೈರನ್ ಕೂಗಿ ನಿಂತಿತೆಂದರೆ ಆಚೆದಡದಲ್ಲಿ ಯಾರೂ ಇರುವುದಿಲ್ಲ. ಇದು ನಗರಸಭೆಯ ಮಾತು. ಬರೀ ಬಾಯಿಮಾತಲ್ಲ, ಸೇತುವೆಯ ತುದಿಯ ಕಬ್ಬಿಣದ ಗೇಟಿನ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಬರೆಸಿಯೂ ಇದ್ದಾರೆ: 'ವಿಹಾರ ವಲಯ. ಇಲ್ಲಿ ಯಾರೂ ವಾಸಿಸುವುದಿಲ್ಲ.'

ಆ ಫಲಕಕ್ಕೆ ಪ್ರತಿ ವರ್ಷ ಹೊಸ ಬಣ್ಣ ಬೀಳುತ್ತದೆ. ಅದರ ಹಿಂದೆ, ಕಾಲುವೆ ಮತ್ತು ಗೋಡೆಯ ನಡುವೆ, ಹಳೆಯ ಗೋದಾಮುಗಳ ಸಾಲಿನಲ್ಲಿ, ಮುಚ್ಚಿದ ಕಿಟಕಿಗಳ ಒಳಗೆ ಅದೇ ಹೊತ್ತಿಗೆ ಮನುಷ್ಯರು ತಮ್ಮ ತಮ್ಮ ಚಪ್ಪಲಿಗಳನ್ನು ಹೊಸ್ತಿಲಿನಿಂದ ಒಳಕ್ಕೆ ಎಳೆದುಕೊಳ್ಳುತ್ತಾರೆ. ಹಗ್ಗದ ಮೇಲಿನ ಒದ್ದೆ ಬಟ್ಟೆ ಒಳಗೆ ಬರುತ್ತದೆ. ಒಲೆ ಆರುತ್ತದೆ. ನಲ್ಲಿಯ ಬಾಯಿಗೆ ಚಿಂದಿ ಸುತ್ತುತ್ತಾರೆ, ಹನಿ ಬಿದ್ದ ಸದ್ದು ಕೇಳದಿರಲೆಂದು. ಕೆಮ್ಮಿನವರು ದಿಂಬನ್ನು ಹತ್ತಿರ ಇಟ್ಟುಕೊಳ್ಳುತ್ತಾರೆ. ಆಮೇಲೆ ಸಂಜೆಯ ಸೈರನ್ನಿನ ತನಕ ಅಲ್ಲಿ ಸತ್ತವರಿಗೂ ಇದ್ದವರಿಗೂ ವ್ಯತ್ಯಾಸವಿಲ್ಲ.

ದರ್ಜಿಯಕ್ಕ ಆ ಹೊತ್ತಿಗೆ ತನ್ನ ಕತ್ತರಿಸುವ ಮೇಜಿನ ಕೆಳಗೆ ಸೇರುತ್ತಾಳೆ. ಮೇಜಿನ ಸುತ್ತ ನೆಲದ ತನಕ ಇಳಿಬಿಟ್ಟ ಅಸ್ತರಿನ ಬಟ್ಟೆ, ಒಳಗೆ ಒಂದು ಹಾಸಿಗೆ, ಒಂದು ನೀರಿನ ಬಾಟಲಿ. ತಲೆಯ ಹತ್ತಿರ ಗೋಡೆಗೆ ಅಂಟಿಕೊಂಡು ಮೇಲಿಂದ ಕೆಳಕ್ಕೆ ಹೋಗುವ ನೀರಿನ ಪೈಪು. ಆ ಪೈಪಿಗೆ ಬೆನ್ನು ತಾಗದಂತೆ ಮಲಗುವುದನ್ನು ಅವಳು ಈಚೆಗೆ ಕಲಿತಿದ್ದಾಳೆ.

ಮೊದಲು ಹೀಗಿರಲಿಲ್ಲ. ಕುಡಿಯುವ ಅಂಗಡಿ, ಕುಣಿತದ ಹಾಲು, ವಯಸ್ಕರ ಸಿನಿಮಾ, ಪರದೆ ಇಳಿಸಿದ ಕಿಟಕಿಯ ಮನೆಗಳು ಎಲ್ಲವೂ ಊರಿನೊಳಗೇ ಅಲ್ಲೊಂದು ಇಲ್ಲೊಂದು ಚದುರಿಕೊಂಡಿದ್ದವು. ದರ್ಜಿಯಕ್ಕ ಉಡುಪು ಹೊಲಿಯುತ್ತಿದ್ದ ಕುಣಿತದ ಹಾಲು ಬೇಕರಿಯ ಬೆನ್ನಿಗಿತ್ತು. ದರ್ಜಿಯಕ್ಕ, ಅವಳ ತಂಗಿ ಗಡಿಯಾರ ರಿಪೇರಿಯವನ ಅಂಗಡಿಯ ಮೇಲೆ ಬಾಡಿಗೆಗಿದ್ದರು. ಹಾಡಿ ಕುಣಿದು ಬರುವ ತಂಗಿಯ ಬಗ್ಗೆ ಬೀದಿಯವರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದುದು ನಿಜ. ಆದರೆ ಅವಳಿಗೆ ಜ್ವರ ಬಂದರೆ ಗಡಿಯಾರದವನ ಹೆಂಡತಿಯೇ ಕಷಾಯ ಮಾಡಿ ತರುತ್ತಿದ್ದಳು. ಬೈಯುವವರೂ ಕಣ್ಣಿಗೆ ಕಾಣುವಷ್ಟು ಹತ್ತಿರ ಇದ್ದರು ಅನ್ನಿ.

ಆಮೇಲೆ ಊರಿಗೆ ಮರ್ಯಾದೆಯ ಚಿಂತೆ ಹತ್ತಿತು. ನಕ್ಷೆಗಳು ಬಂದವು, ನಕ್ಷೆ ಓದಲು ಬಲ್ಲವರು ಬಂದರು. ಮನೆಗಳಿಗೆ ಹಳದಿ, ಅಂಗಡಿಗಳಿಗೆ ನೀಲಿ, ಇವರಿಗೆ ಕೆಂಪು. ಎಲ್ಲವನ್ನೂ ಒಂದು ಕಡೆಗೆ ಗುಡಿಸಿ ಹಾಕಿದರೆ ಊರೂ ಚೊಕ್ಕಟ, ನಿಮಗೂ ಕ್ಷೇಮ ಎಂದು ಸಭೆ ಕರೆದು ಹೇಳಿದರು. ಅಲ್ಲಿ ಬೀದಿ ತುಂಬ ದೀಪ ಇರುತ್ತದೆ, ಕಾವಲಿರುತ್ತದೆ, ಡಾಕ್ಟರು ಇರುತ್ತಾರೆ, ದಾಳಿ ಇರುವುದಿಲ್ಲ ಎಂದರು. ಹಾಲಿನ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ಚಪ್ಪಾಳೆ ತಟ್ಟಿದ್ದರು. ದರ್ಜಿಯಕ್ಕನೂ ತಟ್ಟಿದ್ದಳು. ಪೊಲೀಸರ ಲಾಠಿಯಿಂದ ಓಡಿ ಓಡಿ ಸುಸ್ತಾದವರಿಗೆ ಗೋಡೆ ಕೂಡ ನೆರಳಿನ ಹಾಗೆ ಕಾಣುತ್ತದೆ.

ದೀಪ ಬಂತು. ಕಾವಲೂ ಬಂತು. ಡಾಕ್ಟರ ಕೋಣೆಯಲ್ಲಿ ಈಗ ಕಾವಲಿನವರು ಬೂಟು ಬಿಚ್ಚಿ ಮಲಗುತ್ತಾರೆ. ಜನ ವಾಸವಿದ್ದರೆ ಡಾಕ್ಟರು ಬೇಕು, ಶಾಲೆ ಬೇಕು, ಕುಡಿಯುವ ನೀರು ಬೇಕು, ಕಸ ಒಯ್ಯಲು ಗಾಡಿ ಬೇಕು. ಯಾರೂ ವಾಸಿಸುವುದಿಲ್ಲ ಎಂದು ಕಾನೂನಿನಲ್ಲೇ ಬರೆದುಬಿಟ್ಟರೆ ಏನೂ ಬೇಡ. ಎಂಥ ತಲೆ ನೋಡಿ. ಕೆಲಸ ಮುಗಿಸಿ ಊರಿನೊಳಗಿನ ಮನೆಗೆ ಹೋಗಿ ಅಂದರು. ಹೋಗಲು ಮನೆ ಬೇಕಲ್ಲ? ಗೇಟು ದಾಟಲು ಕೊಟ್ಟ ಕೆಂಪು ಪಟ್ಟಿಯ ಪಾಸು ಕಂಡೊಡನೆ ಮನೆ ಮಾಲೀಕರು ಬಾಗಿಲ ಚಿಲಕ ಹಾಕಿಕೊಂಡರು. ಗಡಿಯಾರದವನೂ ಕೈ ಮುಗಿದು, ನನ್ನ ಹೊಟ್ಟೆಯ ಮೇಲೆ ಹೊಡೀಬೇಡ ತಾಯಿ, ಈಗ ಕಾನೂನು ಬೇರೆ ಆಗಿದೆ ಎಂದುಬಿಟ್ಟ. ಅಂದೇ ಅಕ್ಕತಂಗಿಯರು ಹೊಲಿಗೆ ಯಂತ್ರವನ್ನು ಕೈಗಾಡಿಗೆ ಏರಿಸಿಕೊಂಡು ಸೇತುವೆ ದಾಟಿದರು.

ಹಾಗೆ ದಾಟಿದವರೆಲ್ಲ ಸೇರಿ ಹಗಲು ಇಲ್ಲವಾಗಿರುವ ವಿದ್ಯೆಯನ್ನು ಕಲಿತರು. ಪರಿವೀಕ್ಷಕನೊಬ್ಬ ಮಧ್ಯಾಹ್ನದ ಹೊತ್ತು ಬಂದು ಕಟ್ಟಡಗಳನ್ನು ನೋಡಿಹೋಗುತ್ತಿದ್ದ. ಸೊಂಟದಲ್ಲಿ ಬೀಗಗಳ ಗೊಂಚಲು, ಕೈಯಲ್ಲಿ ಅರಗಿನ ಕಡ್ಡಿ. ಅವನಿಗೆ ಬೀಗದಪ್ಪ ಎಂದು ಹೆಸರಿಟ್ಟವಳು ತಂಗಿ. ಮನುಷ್ಯರು ಇರುವ ಗುರುತು ಸಿಕ್ಕಿದ ಕಟ್ಟಡಕ್ಕೆ ಆತ ಬೀಗ ಜಡಿದು ಮುದ್ರೆ ಒತ್ತುತ್ತಾನೆ, ಒಳಗಿನವರು ಬೀದಿಗೆ. ಆದ್ದರಿಂದ ಎಲ್ಲರಿಗೂ ಅಡಗುವ ಜಾಗ ಬೇಕಾಯಿತು. ಅದಕ್ಕೆ ಉಪಾಯ ಹುಡುಕಿದವಳು ದರ್ಜಿಯಕ್ಕ. ಹಾಲಿನ ಮೇಲಿನ ಮಹಡಿಯಲ್ಲಿ, ತಗಡಿನ ಸೂರಿನಡಿ, ಉಡುಪಿನ ಕೋಣೆ ಇತ್ತು. ಅಲ್ಲಿ ತೂಗುಹಾಕಿದ ಗೌನುಗಳ ನಡುವೆ ಅವಳು ಬೇರೆ ಕೆಲವು ಗೌನುಗಳನ್ನು ಹೊಲಿದು ಸೇರಿಸಿದಳು. ನೆರಿಗೆಯೊಳಗೆ ಬೆತ್ತದ ಬಳೆ, ಎದೆಗೆ ಎರಡು ಪದರ ಅಸ್ತರು, ಕುತ್ತಿಗೆಗೆ ತಲೆ ಮುಚ್ಚುವಷ್ಟು ಎತ್ತರದ ಪಟ್ಟಿ. ಒಳಗೆ ಒಬ್ಬರು ನಿಂತರೂ ಗೊತ್ತಾಗದು, ನಿಲ್ಲದಿದ್ದರೂ ಗೊತ್ತಾಗದು. ವೇದಿಕೆಯ ಗೌನಿಗೆ ಕೊಕ್ಕೆ ಬೆನ್ನಿಗಿರುತ್ತದೆ, ಹಾಕಲು ಇನ್ನೊಬ್ಬರು ಬೇಕು. ಇವಕ್ಕೆ ಮುಂದೆ, ಮಡಿಕೆಯ ಒಳಗೆ. ಒಬ್ಬರೇ ಹೊಕ್ಕು ಒಬ್ಬರೇ ಮುಚ್ಚಿಕೊಳ್ಳಬಹುದು. ಬೀಗದಪ್ಪ ಬಾಗಿಲು ತೆರೆದಾಗ ಕಾಣುವುದು ಚಮಕಿ ಹೊಳೆಯುವ ಬಟ್ಟೆಗಳ ಸಾಲು ಮಾತ್ರ.

ಇನ್ನೊಂದು ಏರ್ಪಾಟು ಪೈಪಿನದು. ಕೆಳಗೆ ಅಡುಗೆ ಮಾಡುವ ಮುದುಕನಿಗೆ ಸೌಟಜ್ಜ ಎಂದು ಹೆಸರು. ಬೀಗದಪ್ಪ ಕಟ್ಟಡ ಬಿಟ್ಟು ಹೋದದ್ದನ್ನು ಹಿಂದಿನ ಕಿಂಡಿಯಿಂದ ನೋಡಿ ಅವನು ಪೈಪಿಗೆ ಸೌಟಿನಿಂದ ಎರಡು ಸಲ ತಟ್ಟುತ್ತಾನೆ. ಹೋದ್ರು ಎಂದು ಅರ್ಥ. ಆಗ ಎಲ್ಲರೂ ಉಸಿರು ಬಿಡಬಹುದು, ಕಾಲು ಚಾಚಬಹುದು, ನೀರು ಕುಡಿಯಬಹುದು. ತೀರ ತಡವಾದರೆ ಮೇಲಿನವರು ಉಗುರಿನಲ್ಲಿ ಒಂದೇ ಒಂದು ಸಲ ತಟ್ಟಿ ಕೇಳಬಹುದು. ಹೋದ್ರಾ? ಅಷ್ಟೇ ಆ ಭಾಷೆ. ಎರಡು ಮಾತಿನ ಭಾಷೆ.

ತಂಗಿಯ ಅಡ್ಡಹೆಸರು ಕಹಳೆ. ಅವಳು ನಕ್ಕರೆ ಪಾತ್ರೆ ಬಿದ್ದ ಹಾಗೆ, ಪಿಸುಮಾತು ಆಡಿದರೆ ಮೂರನೆಯ ಮನೆಗೆ ಕೇಳಬೇಕು. ಹಾಡಲು ಮೈಕು ಬೇಡ ಎನ್ನುತ್ತಿದ್ದಳು. ಇಂಥವಳಿಗೆ ಬಾಯಿ ಮುಚ್ಚಿಕೊಂಡು ಹಗಲು ಕಳೆಯುವುದನ್ನು ಕಲಿಸುವಷ್ಟರಲ್ಲಿ ದರ್ಜಿಯಕ್ಕ ಹೈರಾಣಾಗಿದ್ದಳು. ಗದರಿದಳು, ಅತ್ತಳು, ಒಂದು ಸಲ ಕೆನ್ನೆಗೆ ಹೊಡೆದಳು ಕೂಡ. ಕಡೆಗೆ ಕಹಳೆಯೇ, "ಆಯ್ತು ಕಣಕ್ಕ, ಪೈಪು ಎರಡು ಸಲ ಹೇಳೋ ತನಕ ನನ್ನ ಹೆಣ ಬಿದ್ರೂ ಸದ್ದು ಬರಲ್ಲ, ಸರೀನಾ?" ಎಂದು ನಕ್ಕಿದ್ದಳು. ಆ ನಗು ಗೋಡೆಯಾಚೆಗೂ ಕೇಳಿಸಿತ್ತು.

ಕಳೆದ ಬೇಸಗೆಯಲ್ಲಿ ಅವಳಿಗೆ ಜ್ವರ ಬಂತು. ರಾತ್ರಿ ಬಾಗಿಲು ತೆರೆದಿಟ್ಟರೆ ಗಾಳಿ ಬರುತ್ತದೆಂದು ಉಡುಪಿನ ಕೋಣೆಯಲ್ಲಿ ಒಬ್ಬಳೇ ಮಲಗಿದ್ದಳು, ಉಳಿದವರು ಕೆಳಗೆ ಅಡಗಿಕೊಂಡಿದ್ದರು. ಆ ದಿನ ಬೀಗದಪ್ಪ ಒಬ್ಬನೇ ಬರಲಿಲ್ಲ, ಸುತ್ತಿಗೆ ಹಿಡಿದ ಇಬ್ಬರು ಆಳುಗಳೊಂದಿಗೆ ಬಂದ. ಹಾಲಿಗೆ ಅಗತ್ಯವಿಲ್ಲದ ಕೋಣೆಗಳನ್ನು ಮುಚ್ಚಬೇಕೆಂದು ಹೊಸ ಆಜ್ಞೆಯಂತೆ. ಅವನು ಉಡುಪಿನ ಕೋಣೆಯ ಬಾಗಿಲು ತೆರೆದ, ಬಟ್ಟೆಗಳನ್ನು ಕಂಡ, ಮುಚ್ಚಿದ. ಅಡ್ಡಪಟ್ಟಿ ಹೊಡೆಸಿ, ಬೀಗ ಹಾಕಿ, ಅರಗು ಕರಗಿಸಿ ಮುದ್ರೆ ಒತ್ತಿದ. ಕೆಳಗೆ ಮೇಜಿನಡಿ ಮುದುರಿದ್ದ ದರ್ಜಿಯಕ್ಕನಿಗೆ ಸುತ್ತಿಗೆಯ ಸದ್ದು ಕೇಳಿಸಿತು. ಯಾವುದೋ ಬೋರ್ಡು ಬಡಿಯುತ್ತಿದ್ದಾರೆ ಅಂದುಕೊಂಡಳು. ಬೀಗದಪ್ಪ ಹೊರಟುಹೋದ. ಆಳುಗಳು ಹೋಗಲಿಲ್ಲ. ಹೊರಗೆ ಬಿಸಿಲು ಬೆಂಕಿಯಂತಿತ್ತು. ಓಣಿಯ ತಂಪಿಗೆ ಕೂತು ಇಸ್ಪೀಟು ಹಾಕಿದರು, ಒಬ್ಬ ಗೊರಕೆ ಹೊಡೆದ. ಅವರಿರುವ ತನಕ ಸೌಟಜ್ಜ ತಟ್ಟುವ ಹಾಗಿಲ್ಲ.

ಆಗ ಪೈಪಿನಲ್ಲಿ ಒಂದು ಸಲ ತಟ್ಟಿದ ಸದ್ದು ಬಂತು. ಹೋದ್ರಾ?

ದರ್ಜಿಯಕ್ಕ ಪೈಪಿನ ಮೇಲೆ ಅಂಗೈ ಇಟ್ಟಳು. ಉತ್ತರ ಕೊಡಲಿಲ್ಲ. ಕೊಡಬಾರದು, ಅದೇ ನಿಯಮ. ಸ್ವಲ್ಪ ತಡಿ ಪುಟ್ಟಿ ಅಂದುಕೊಂಡಳು ಮನಸ್ಸಿನಲ್ಲೇ. ಎಷ್ಟೋ ಹೊತ್ತಿನ ಮೇಲೆ ಮತ್ತೆ ಒಂದು. ಆಮೇಲೆ ಇನ್ನೂ ಒಂದು, ಸೊಳ್ಳೆ ಕೂತಷ್ಟು ಮೆಲ್ಲಗೆ. ಆಮೇಲೆ ಇಲ್ಲ.

ಸಂಜೆ ಆಳುಗಳು ಎದ್ದುಹೋದ ಮೇಲೆ ಹಿಂದಿನಿಂದ ತಗಡು ಕತ್ತರಿಸಿ ಒಳಗೆ ಇಳಿದರು. ಕಹಳೆ ಗೌನಿನೊಳಗೇ ಇದ್ದಳು. ಜ್ವರದ ಮೈಮೇಲೆ ಆ ಎರಡು ಪದರದ ಭಾರ. ಕೊಕ್ಕೆ ಮುಂದೆಯೇ ಇತ್ತು, ಬಿಚ್ಚಬಹುದಿತ್ತು. ಬಾಗಿಲು ಬಡಿಯಬಹುದಿತ್ತು. ಕೂಗಬಹುದಿತ್ತು, ಆ ಗಂಟಲಿಗೆ ಇಡೀ ಊರೇ ಓಡಿಬರುತ್ತಿತ್ತು. ಅವಳು ಗೋಡೆಗೆ ಒರಗಿ ಕೂತು ಪೈಪಿನ ಮೇಲೆ ಅಂಗೈ ಇಟ್ಟುಕೊಂಡು, ಎರಡು ಸಲ ತಟ್ಟುವುದನ್ನೇ ಕಾಯುತ್ತ ಸತ್ತಿದ್ದಳು.

ಹಾಲಿನ ಯಜಮಾನಿ ಕೆಟ್ಟ ಹೆಂಗಸಲ್ಲ. ಅವಳೂ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಅತ್ತು ಮುಗಿಸಿ, ಇಲ್ಲಿ ಸತ್ತಳು ಅಂದರೆ ಇಲ್ಲಿ ಬದುಕಿದ್ದಳು ಅಂತಾಗುತ್ತದೆ, ಹಾಲಿಗೆ ಬೀಗ ಬೀಳುತ್ತದೆ, ಎಲ್ಲರೂ ಬೀದಿಗೆ ಬೀಳುತ್ತೇವೆ ಎಂದಳು. ಗೌನು ಬಿಚ್ಚಿದರು, ಅದು ಹಾಲಿನ ಗುರುತು. ಬಿಳಿ ಚಾದರದಲ್ಲಿ ಸುತ್ತಿ, ಕಾವಲಿನವರ ಕಣ್ಣು ತಪ್ಪಿಸಿ ಸೇತುವೆ ದಾಟಿಸಿ ಊರಿನ ಕಡೆಯ ಮೆಟ್ಟಿಲ ಮೇಲೆ ಮಲಗಿಸಿ ಬಂದರು. ದರ್ಜಿಯಕ್ಕ ಒಂದು ತುದಿ ಹಿಡಿದಿದ್ದಳು. ಗೌನನ್ನು ತಗಡಿನ ಸಂದಿಯಿಂದ ಮತ್ತೆ ಕೋಣೆಯೊಳಗೆ ತೂಗುಹಾಕಿ, ತಗಡು ಮಡಿಸಿ ಮುಚ್ಚಿದರು. ಊರು ಮರುದಿನ ಯಾರೋ ಅನಾಥೆ ಸೇತುವೆಯ ಬಳಿ ಬಿಸಿಲಿಗೆ ಸತ್ತಳಂತೆ ಎಂದು ಮಾತಾಡಿಕೊಂಡಿತು. ಬದುಕಿದ್ದಾಗ ಆಚೆದಡದಿಂದ ಈಚೆಗೆ ಬಂದು ಇರಲು ಬಿಡದ ಊರು ಸತ್ತ ಮೇಲೆ ಬಿಟ್ಟುಕೊಂಡಿತು, ಅದೂ ಹೆಸರಿಲ್ಲದೆ.

ಅಂದಿನಿಂದ ಪ್ರತಿ ಮಧ್ಯಾಹ್ನ ಪೈಪಿನಲ್ಲಿ ಒಂದು ಸಲ ತಟ್ಟಿದ ಸದ್ದು ಬರುತ್ತದೆ.

ಎಲ್ಲರಿಗೂ ಕೇಳುತ್ತದೆ. ಯಾರೂ ಆಡುವುದಿಲ್ಲ. ಮೊದಮೊದಲು ಒಬ್ಬರು ಇನ್ನೊಬ್ಬರನ್ನು ಶಂಕಿಸಿದರು. ಸೌಟಜ್ಜ ಒಂದು ದಿನ ಎಲ್ಲರನ್ನೂ ಕೆಳಗೆ ಅಡುಗೆಮನೆಯಲ್ಲಿ ಕೂರಿಸಿ ತಲೆ ಎಣಿಸಿದ, ಆಗಲೂ ಬಂತು. ಅಜ್ಜ ಸೌಟನ್ನು ಮಡಿಲಲ್ಲಿ ಇಟ್ಟುಕೊಂಡು, ಬಿಸಿಲಿಗೆ ಕಬ್ಬಿಣ ಹಿಗ್ಗುತ್ತೆ ಎಂದ. ಮಳೆಗಾಲದಲ್ಲೂ ಬಂತು. ದರ್ಜಿಯಕ್ಕ ಮೊದಲ ದಿನಗಳಲ್ಲಿ ಬೆರಳು ಕಚ್ಚಿಕೊಂಡು ಕೇಳಿದಳು, ಆಮೇಲೆ ಕಿವಿಗೆ ಹತ್ತಿ ತುರುಕಿಕೊಂಡಳು. ಹತ್ತಿಯಿಂದ ಪ್ರಯೋಜನವಾಗಲಿಲ್ಲ. ಸದ್ದು ಕಿವಿಯಿಂದ ಬರುತ್ತಿರಲಿಲ್ಲ, ಹಲ್ಲಿನಿಂದ ಬರುತ್ತಿತ್ತು. ಅವಳಿಗೆ ಬೇಕಾದದ್ದು ಒಂದೇ. ಆ ಮುದ್ರೆ ಒತ್ತಿದ ಕೈಯೇ ಆ ಬಾಗಿಲು ತೆರೆಯಬೇಕು, ಇಲ್ಲಿ ಒಬ್ಬಳಿದ್ದಳು, ಇಲ್ಲಿ ಸತ್ತಳು ಎಂದು ಬಾಯಿಬಿಟ್ಟು ಹೇಳಬೇಕು. ಅದನ್ನು ಹೇಳದೆ ತಾನು ಪೈಪಿಗೆ ಎರಡು ಸಲ ತಟ್ಟಿದರೆ ಅದು ಸುಳ್ಳಾಗುತ್ತದೆ. ಹೋಗಿಲ್ಲವಲ್ಲ ಅವರು.

ಹೀಗಿರುವಾಗ ಯಜಮಾನಿ ಒಂದು ಸುದ್ದಿ ತಂದಳು. ಬೇರೊಂದು ನಗರದ ದೊಡ್ಡವರು ವಲಯವನ್ನು ನೋಡಲು ಬರುತ್ತಾರಂತೆ. ಅವರ ಊರಿನಲ್ಲೂ ಇಂಥದೇ ಒಂದನ್ನು ಕಟ್ಟುವ ಯೋಚನೆ. ಹಗಲಲ್ಲಿ ಎಷ್ಟು ಖಾಲಿ ಇರುತ್ತದೆಂದು ಅವರಿಗೆ ತೋರಿಸಬೇಕು, ಇವರ ಹಾಲಿಗೇ ಕರೆತರುತ್ತಾರೆ. ಎಲ್ಲ ಸರಿಹೋದರೆ ಪರವಾನಗಿಯ ಚಿಂತೆ ಇನ್ನಿಲ್ಲ. ಮೇಲಿನ ಮಹಡಿಯನ್ನು ಕೆಡವಿ ದೀಪದ ಗೋಪುರ ಕಟ್ಟಿಸುತ್ತಾರಂತೆ, ಊರಿಗೆಲ್ಲ ಕಾಣುವ ಹಾಗೆ.

"ಮೇಲಿನ ಮಹಡೀನಾ?" ಎಂದಳು ದರ್ಜಿಯಕ್ಕ. ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದಳು.

"ಹೂಂ. ಆ ಕೋಣೆ ಇರೋದೂ ಬೇಡ, ನಿನ್ನ ಎದೆ ಉರಿಯೋದೂ ಬೇಡ. ನಾಳೆ ಒಂದು ಹಗಲು ಹೇಗೋ ಕಳೆದುಬಿಡು ನನ್ನವ್ವ. ನಿನ್ನ ಸಂಕಟ ನನಗೆ ತಿಳಿಯಲ್ವಾ? ಆದ್ರೆ ಅವಳೊಬ್ಬಳು ಹೋದಳು. ನಾವು ಇಷ್ಟು ಜನ ಇದ್ದೀವಲ್ಲ."

"ಇದ್ದೀವಾ ಅಮ್ಮ?" ಎಂದಳು ದರ್ಜಿಯಕ್ಕ.

ಯಜಮಾನಿ ಮೇಜಿನ ಮೇಲೆ ಬಿದ್ದ ದಾರದ ತುಂಡುಗಳನ್ನು ಕೈಯಿಂದ ಒಟ್ಟುಮಾಡಿ, ಎಲ್ಲಿ ಹಾಕಬೇಕೆಂದು ತೋಚದೆ, ಮುಷ್ಟಿಯಲ್ಲಿ ಹಿಡಿದುಕೊಂಡೇ ಹೊರಟುಹೋದಳು.

ಮರುದಿನ ಸೈರನ್ ಆದ ಮೇಲೆ ಆಚೆದಡ ಹಿಂದೆಂದೂ ಇಲ್ಲದಷ್ಟು ಸತ್ತಿತು. ಬೆಕ್ಕನ್ನು ಕೂಡ ಚೀಲದಲ್ಲಿ ಹಾಕಿ ಕಟ್ಟಿದ್ದರು. ದರ್ಜಿಯಕ್ಕ ಮೇಜಿನ ಕೆಳಗೆ ಮಲಗಿ, ಅಸ್ತರಿನ ಬಟ್ಟೆಯ ಅಂಚಿನಿಂದ ತೂರಿಬರುವ ಬೆಳಕಿನ ಗೆರೆಯನ್ನು ನೋಡುತ್ತಿದ್ದಳು. ಬಿಸಿಲು ಏರಿತು. ಗೇಟಿನ ಕಡೆಯಿಂದ ಕಾರುಗಳು ಬಂದು ನಿಂತ ಸದ್ದಾಯಿತು. ಆಮೇಲೆ ಬೂಟುಗಳು, ಅವುಗಳ ನಡುವೆ ಬೀಗದ ಗೊಂಚಲಿನ ಕಿಣಿಕಿಣಿ. ಮೆಟ್ಟಿಲು ಹತ್ತಿಕೊಂಡು ಬಂದರು. ಇವಳ ಕೋಣೆಯ ಬಾಗಿಲು ತೆರೆದರು. ಮೇಜಿನ ಆಚೆ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ, ಹೊಳೆಯುವ ಬೂಟಿನ ಮೂತಿಗಳು.

ಬೀಗದಪ್ಪನ ದನಿಗೆ ಇವತ್ತು ಬೆಣ್ಣೆ ಸವರಿತ್ತು. ಇದು ಹೊಲಿಗೆಯ ಕೋಣೆ ಎಂದ. ಸಂಜೆ ಬಂದು ಹೊಲಿಯುತ್ತಾರೆ, ಮುಂಜಾನೆ ಹೋಗುತ್ತಾರೆ, ಹಗಲು ಇಲ್ಲಿ ಒಂದು ನೊಣವೂ ಹಾರುವುದಿಲ್ಲ. ಬಂದವರಲ್ಲಿ ಒಬ್ಬ ಮೆಚ್ಚುಗೆಯಿಂದ ನಾಲಿಗೆ ಲೊಚಗುಟ್ಟಿಸಿದ. ಹೆಂಗಸಿನ ದನಿಯೊಂದು, ಈ ಕೆಲಸದವರೆಲ್ಲ ಎಲ್ಲಿರ್ತಾರೆ ಎಂದು ಕೇಳಿತು. ಪಾಪ, ನಿಜವಾಗಿಯೇ ತಿಳಿಯಬೇಕೆಂದು ಕೇಳಿದ ಹಾಗಿತ್ತು.

"ಅವರವರ ಮನೇಲಿ ಮೇಡಂ," ಎಂದ ಬೀಗದಪ್ಪ.

ಪೈಪು ಒಂದು ಸಲ ತಟ್ಟಿತು.

ಯಾವತ್ತಿನ ಹಾಗೆ ಮೆಲ್ಲಗಲ್ಲ. ಸ್ಪಷ್ಟವಾಗಿ, ಬಾಗಿಲಲ್ಲಿ ನಿಂತವರು ತಟ್ಟುವ ಹಾಗೆ. ಬೂಟುಗಳು ಅಲುಗಾಡಿದವು. ಅದೇನು ಸದ್ದು ಎಂದಳು ಆ ಹೆಂಗಸು. ಹಳೇ ಕಟ್ಟಡ, ಇಲಿಗಳು ಎಂದ ಬೀಗದಪ್ಪ. ಮತ್ತೆ ಒಂದು ಸಲ. ಈ ಸಲ ಬೀಗದಪ್ಪ ಉತ್ತರಕ್ಕೆ ತಡಮಾಡಿದ. ಅವನ ಬೂಟು ಪೈಪಿನ ಕಡೆಗೆ ತಿರುಗಿದ್ದು, ಅಲ್ಲೇ ನಿಂತದ್ದು, ಹಿಂದಕ್ಕೆ ಸರಿದದ್ದು ದರ್ಜಿಯಕ್ಕನಿಗೆ ಕಾಣಿಸಿತು. ಇವನಿಗೆ ಗೊತ್ತು. ಬಾಗಿಲು ಮುಚ್ಚಿದ ದಿನವೇ ಗೊತ್ತಿತ್ತೋ, ಬಟ್ಟೆಗಳ ಸಾಲಿನಲ್ಲಿ ಒಂದು ಬಟ್ಟೆ ಉಸಿರಾಡುವುದನ್ನು ಕಂಡಿದ್ದನೋ, ಅದು ದೇವರಿಗೇ ಗೊತ್ತು. ಆದರೆ ಈ ಸದ್ದನ್ನು ಅವನು ಹಿಂದೆಯೂ ಕೇಳಿದ್ದಾನೆ.

"ಬಿಸಿಲಿಗೆ ಪೈಪು ಹಿಗ್ಗುತ್ತೆ," ಎಂದ. "ಬನ್ನಿ, ಇಲ್ಲಿ ಯಾರೂ ಇಲ್ಲ."

ದರ್ಜಿಯಕ್ಕ ಅಸ್ತರಿನ ಬಟ್ಟೆಯನ್ನು ಸರಿಸಿ ಹೊರಗೆ ಬಂದಳು.

ಏನೂ ಯೋಚಿಸಿರಲಿಲ್ಲ. ಮೊಣಕಾಲೂರಿ ಎದ್ದಳು, ಸೀರೆಯ ನೆರಿಗೆ ಸರಿಮಾಡಿಕೊಂಡಳು, ಮೇಜಿನ ಮೇಲಿದ್ದ ಇಸ್ತ್ರಿಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡಳು. ಇದ್ದಿಲು ತುಂಬಿಸುವ ಹಳೆಯ ಕಾಲದ್ದು, ಎತ್ತಲು ತೋಳಲ್ಲಿ ಕಸುವು ಬೇಕು. ಬಂದವರು ಕಣ್ಣು ಕಣ್ಣು ಬಿಟ್ಟರು. ಹಗಲು ಬೆಳಕಿನಲ್ಲಿ ತನ್ನ ಕೈಗಳು ಇಷ್ಟು ಬೆಳ್ಳಗಾಗಿವೆಯೆಂದು ಅವಳಿಗೇ ಆಗ ಗೊತ್ತಾಯಿತು.

"ಇಲಿ ಅಲ್ಲ," ಎಂದಳು. ಎಷ್ಟೋ ಕಾಲದಿಂದ ಹಗಲು ಆಡಿರದ ದನಿ ಒಡೆದು ಬಂತು. "ನನ್ನ ತಂಗಿ. ಮೇಲಿನ ಕೋಣೇಲಿ ಇದ್ಲು. ನೀವು ಬೀಗ ಹಾಕಿದಾಗ ಒಳಗಿದ್ಲು. ಅಲ್ಲೇ ಸತ್ತಳು. ಅದೊಂದು ಮಾತು ಇವರ ಮುಂದೆ ಹೇಳಿಬಿಡಿ ಸ್ವಾಮಿ. ಬೇರೇನೂ ಬೇಡ."

ಬೀಗದಪ್ಪ ಅವಳ ಮುಖವನ್ನು ನೋಡಲಿಲ್ಲ. ಅವಳ ಮುಖ ಇದ್ದ ಜಾಗದ ಹಿಂದಿನ ಗೋಡೆಯನ್ನು ನೋಡಿದ. ಆಮೇಲೆ ಅತಿಥಿಗಳ ಕಡೆ ತಿರುಗಿ, ಅದೇ ಬೆಣ್ಣೆಯ ದನಿಯಲ್ಲಿ, "ನಾನು ಹೇಳಿದೆನಲ್ಲ, ಇಲ್ಲಿ ಯಾರೂ ಇಲ್ಲ. ಮುಂದೆ ಹೋಗೋಣ," ಎಂದ.

ಅತಿಥಿಗಳ ಮುಖದಲ್ಲಿ ಗಲಿಬಿಲಿ ಕಂಡಿತು, ಆಮೇಲೆ ಗಲಿಬಿಲಿ ತಿಳಿಯಾಗುತ್ತ ಹೋಯಿತು, ಅದನ್ನು ಅವಳು ಕಣ್ಣಾರೆ ಕಂಡಳು. ಸಭ್ಯರ ಮುಖ ಹೇಗೆ ಮುಚ್ಚಿಕೊಳ್ಳುತ್ತದೆಂದು. ನಾಲಿಗೆ ಲೊಚಗುಟ್ಟಿಸಿದವನು ಮೇಲಿನ ಸೂರನ್ನು ನೋಡತೊಡಗಿದ. ಎಲ್ಲಿರ್ತಾರೆ ಎಂದು ಕೇಳಿದ್ದ ಹೆಂಗಸು ಕಪ್ಪು ಕನ್ನಡಕವನ್ನು ಮತ್ತೆ ಕಣ್ಣಿಗೇರಿಸಿದಳು. ಅವರ ಊರಿನ ನಕ್ಷೆಯಲ್ಲೂ ಕೆಂಪು ಬಣ್ಣ ಆಗಲೇ ಒಣಗಿತ್ತೋ ಏನೋ.

ದರ್ಜಿಯಕ್ಕ ಬಾಗಿಲಿಗೆ ಅಡ್ಡ ನಿಂತಳು. ಕಿರಿದಾದ ಬಾಗಿಲು, ಒಬ್ಬರೇ ದಾಟಬೇಕು.

"ಯಾರೂ ಇಲ್ಲ ಅಂದ್ರೆ ದಾಟಿ ಹೋಗಿ ಮತ್ತೆ," ಎಂದಳು. "ಇಲ್ಲದವಳನ್ನ ದಾಟೋಕೆ ಏನು ಕಷ್ಟ?"

ಬೀಗದಪ್ಪ ಎರಡು ಹೆಜ್ಜೆ ಇಟ್ಟ, ಅವಳ ಎದುರು ಬಂದು ನಿಂತ. ಅವನ ಹಣೆಯ ಮೇಲೆ ಬೆವರು ಮೂಡಿತ್ತು. ಅರಗಿನ ವಾಸನೆ ಅವನ ಬಟ್ಟೆಗೆ ಅಂಟಿತ್ತು. ಪೈಪು ಮತ್ತೆ ಒಂದು ಸಲ ತಟ್ಟಿತು. ಆಗ ಅವನು ಭುಜ ಓರೆಮಾಡಿ, ಹೊಟ್ಟೆ ಒಳಗೆಳೆದುಕೊಂಡು, ಅವಳ ಸೀರೆಯ ಅಂಚು ಕೂಡ ತಾಗದ ಹಾಗೆ, ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜಿಕೊಂಡು ಪಕ್ಕದಿಂದ ನುಸುಳಿ ಹೋದ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಹಾಗೆಯೇ, ಅಡ್ಡಡ್ಡ ತಿರುಗಿ, ತಲೆ ತಗ್ಗಿಸಿ.

ಖಾಲಿ ಜಾಗಕ್ಕೆ ಯಾರೂ ಹೀಗೆ ದಾರಿ ಬಿಡುವುದಿಲ್ಲ. ಅವನ ಬಾಯಿಂದ ಅದಕ್ಕಿಂತ ಹೆಚ್ಚಿನದು ಈ ಜನ್ಮದಲ್ಲಿ ಬರಲಾರದು ಎಂದು ಅವಳಿಗೆ ಅರ್ಥವಾಯಿತು.

ಅವರು ಓಣಿಯಲ್ಲಿ ಗುಂಪಾಗಿ ನಿಂತಿರುವಂತೆಯೇ ಅವಳು ಮೇಲಿನ ಮಹಡಿಗೆ ಹತ್ತಿದಳು. ಮುದ್ರೆಯ ಮೇಲೆ ನಗರಸಭೆಯ ಗುರುತು ಧೂಳಿನಡಿ ಇನ್ನೂ ಕೆಂಪಗಿತ್ತು. ಇಸ್ತ್ರಿಪೆಟ್ಟಿಗೆ ಎತ್ತಿ ಬೀಸಿದಳು. ಅರಗು ಪುಡಿಯಾಯಿತು. ಅಡ್ಡಪಟ್ಟಿ, ಬೀಗ ಸಲೀಸಾಗಿ ಬಿಡಲಿಲ್ಲ, ಬಾರಿಸಿ ಬಾರಿಸಿ ತೋಳು ಸೋತಿತು. ಆ ಸದ್ದು ಕಟ್ಟಡದ ಎಲುಬಿನಲ್ಲೆಲ್ಲ ಓಡಿತು. ಕೆಳಗೆ ಯಜಮಾನಿಯ ಕೋಣೆಯಲ್ಲಿ ಏನೋ ಬಿತ್ತು. ಬೀಗದಪ್ಪ ಕಾವಲಿನವರನ್ನು ಕೂಗಬಹುದಿತ್ತು. ಕೂಗಿ ಏನೆಂದು ಹೇಳುತ್ತಾನೆ, ಇಲ್ಲದವಳೊಬ್ಬಳು ಬಾಗಿಲು ಒಡೆಯುತ್ತಿದ್ದಾಳೆಂದೇ?

ಒಳಗೆ ತಗಡಿನ ಬಿಸಿ ಮುಖಕ್ಕೆ ರಾಚಿತು. ಗೌನುಗಳು ಸಾಲಾಗಿ ತೂಗುತ್ತಿದ್ದವು, ಭುಜಗಳ ಮೇಲೆ ಧೂಳು. ಕಹಳೆಯ ಗೌನನ್ನು ಅಂದು ತಗಡಿನ ಸಂದಿಯ ಕಡೆ ತೂಗುಹಾಕಿದ್ದರು. ಅದು ಅಲ್ಲಿ ಇರಲಿಲ್ಲ. ಬೆತ್ತದ ಬಳೆಗಳ ಮೇಲೆ ತಾನೇ ನಿಂತುಕೊಂಡು, ಗೋಡೆಗೆ ಒರಗಿ, ಪೈಪಿನ ಪಕ್ಕದಲ್ಲಿತ್ತು. ತೋಳಿನ ತುದಿಯ ಹಿತ್ತಾಳೆಯ ಗುಂಡಿ ಪೈಪಿಗೆ ತಾಗಿಕೊಂಡಿತ್ತು. ಆ ಗುಂಡಿ ಹೊಲಿದವಳು ಅವಳೇ. ಮಡಿಸಿದ ತಗಡಿನ ಸಂದಿಯಿಂದ ಗಾಳಿ ಬಂದು ತೋಳನ್ನು ಅಲ್ಲಾಡಿಸುತ್ತಿತ್ತೇನೋ. ಆದರೆ ಈಗ ಗಾಳಿ ಇರಲಿಲ್ಲ. ಎಲೆ ಅಲುಗದ ಬಿಸಿಲು. ಅವಳು ನೋಡುತ್ತಿದ್ದಂತೆಯೇ ತೋಳು ಪೈಪಿನಿಂದ ಕೂದಲೆಳೆಯಷ್ಟು ದೂರ ಸರಿದು, ಮತ್ತೆ ಬಂದು ಒಂದು ಸಲ ತಟ್ಟಿತು.

ಅವಳು ಹತ್ತಿರ ಹೋಗಿ ಕೂತಳು. ಇಸ್ತ್ರಿಪೆಟ್ಟಿಗೆಯನ್ನು ನೆಲಕ್ಕಿಟ್ಟಳು. ಗೌನಿನ ಮುಂದಿನ ಮಡಿಕೆಯೊಳಗೆ ಕೈಹಾಕಿ ಕೊಕ್ಕೆಗಳನ್ನು ಒಂದೊಂದಾಗಿ ಬಿಚ್ಚಿದಳು, ಜ್ವರದ ಮಗುವಿನ ಅಂಗಿ ಬಿಚ್ಚುವ ಹಾಗೆ, ಅವಸರವಿಲ್ಲದೆ. ಕೊನೆಯ ಕೊಕ್ಕೆ ಬಿಚ್ಚಿದಾಗ ಬೆತ್ತದ ಬಳೆಗಳು ಒಂದರ ಮೇಲೊಂದು ಕುಸಿದು ಗೌನು ಅವಳ ಮಡಿಲಿಗೆ ಬಿತ್ತು. ಒಳಗೆ ಬಿಸಿಯಿತ್ತು. ತಗಡಿನ ಬಿಸಿಯೇ ಇರಬೇಕು.

"ಬಾ ಪುಟ್ಟಿ," ಎಂದಳು. "ಇನ್ನೂ ಹೋಗಿಲ್ಲ ಅವರು. ಆದ್ರೂ ಬಾ."

ಅಷ್ಟರಲ್ಲಿ ಪೈಪು ಮತ್ತೆ ತಟ್ಟಿತು. ಗೌನು ಅವಳ ಮಡಿಲಲ್ಲೇ ಇತ್ತು. ಸದ್ದು ಕೆಳಗಿನಿಂದ ಬರುತ್ತಿತ್ತು. ಮೊದಲು ಒಂದು. ಆಮೇಲೆ ಬೇರೆ ಕೋಣೆಯಿಂದ ಇನ್ನೊಂದು. ಇನ್ನೂ ಕೆಳಗಿನಿಂದ, ಬಳೆಯ ಸದ್ದಿನೊಂದಿಗೆ ಮತ್ತೊಂದು. ಗೋಡೆಗಳ ಹಿಂದೆ, ಮಂಚಗಳ ಕೆಳಗೆ, ಬಟ್ಟೆಗಂಟುಗಳ ಹಿಂದೆ ಉಸಿರು ಬಿಗಿಹಿಡಿದವರೆಲ್ಲ ಅದೇ ಒಂದು ಪ್ರಶ್ನೆ ಕೇಳುತ್ತಿದ್ದರು. ಹೋದ್ರಾ?

ಅವಳು ಇಸ್ತ್ರಿಪೆಟ್ಟಿಗೆಯನ್ನು ಪೈಪಿನ ಹತ್ತಿರ ಎತ್ತಿ ಹಿಡಿದಳು. ಎರಡು ಸಲ ತಟ್ಟಿದರೆ ಸುಳ್ಳು. ಒಂದು ಸಲ ತಟ್ಟಿದರೆ ಅದೂ ಪ್ರಶ್ನೆ. ಅವರು ಹೋಗಿಲ್ಲ, ಆದರೂ ಹೊರಗೆ ಬನ್ನಿ ಎಂದು ಹೇಳಲು ಆ ಭಾಷೆಯಲ್ಲಿ ಗುರುತೇ ಇರಲಿಲ್ಲ. ಅಂಥದೊಂದು ಬೇಕಾಗಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಇಸ್ತ್ರಿಪೆಟ್ಟಿಗೆಯನ್ನು ಕೆಳಗಿಟ್ಟು, ಗೌನನ್ನು ತೋಳಿನ ಮೇಲೆ ಹಾಕಿಕೊಂಡು ಅವಳು ಓಣಿಗೆ ಬಂದಳು. ಕೆಳಗಿನ ಮೆಟ್ಟಿಲಲ್ಲಿ ಬೂಟುಗಳು ಅವಸರವಾಗಿ ಇಳಿಯುತ್ತಿದ್ದವು. ಅವಳು ಮೆಟ್ಟಿಲ ಕಂಬಿ ಹಿಡಿದು, ಬಾಯಿ ತೆರೆದು, ತನ್ನವರನ್ನೆಲ್ಲ ಕೂಗಿ ಕರೆದಳು. ಬಂದ ದನಿ ಅವಳದಾಗಿರಲಿಲ್ಲ. ಅದು ಪಾತ್ರೆ ಬಿದ್ದ ಹಾಗೆ ಕಟ್ಟಡವನ್ನೆಲ್ಲ ತುಂಬಿ, ಓಣಿಗೆ ಹೊರಳಿ, ಗೋಡೆ ದಾಟಿ, ಕಾಲುವೆಯ ಮೇಲೆ ಹೋಯಿತು. ಸೇತುವೆಯ ಮೇಲೆ ನಡೆಯುತ್ತಿದ್ದ ಊರಿನವರು ನಿಂತರಂತೆ.

ಒಳಗೆ ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅಡುಗೆಮನೆಯ ಕಡೆಯಿಂದ, ತುಕ್ಕು ಹಿಡಿದ ಚಿಲಕವೊಂದು ಕಿರುಗುಟ್ಟುತ್ತ ಸರಿಯಿತು.